ಊಟದ ಕೋಣೆಯ ಕಾನ್ಸುಲೇಟ್

ಯಾರಾದರೂ ನನ್ನನ್ನು ‘ಕಾನ್ಸುಲ್ ಒಬ್ಬರ ಮಗಳು’ ಎಂದು ಪರಿಚಯಿಸಿದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಕೇಳಿದವರ ಕಣ್ಣ ಮುಂದೆ ಏನೇನು ಬರುತ್ತದೆ ಎಂದು ಗೊತ್ತು. ಗೇಟಿನಲ್ಲಿ ಕಾವಲುಗಾರ, ಕತ್ತರಿಸಿಟ್ಟ ಹುಲ್ಲುಹಾಸು, ಬಿಳಿ ಕೈಗವಸು ಹಾಕಿಕೊಂಡು ಬಡಿಸುವವರು. ನಾವು ಬಹರೇನಿನ ಮಾಹೂಝ್‌ನ ಒಂದು ಬಾಡಿಗೆ ಫ್ಲ್ಯಾಟಿನ ಅಡುಗೆಮನೆಯಲ್ಲಿ, ಗ್ಯಾಸ್ ಸಿಲಿಂಡರಿಗೂ ಫ್ರಿಜ್ಜಿಗೂ ನಡುವೆ ಚಾಪೆ ಹಾಸಿ, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಉಣ್ಣುತ್ತಿದ್ದೆವು. ಏಕೆಂದರೆ ಊಟದ ಕೋಣೆಯಲ್ಲಿ ಒಂದು ದೇಶ ಬಂದು ಕೂತಿತ್ತು. ಅದು ಯಾವ ದೇಶ ಎಂದು ಹೇಳಿದರೆ ಜನ ಮೊಬೈಲ್ ತೆಗೆದು ನಕಾಶೆ ಹುಡುಕತೊಡಗುತ್ತಾರೆ, ಆಮೇಲೆ ನನ್ನನ್ನೇ ಅನುಮಾನದಿಂದ ನೋಡುತ್ತಾರೆ. ಹಾಗಾಗಿ ಹೇಳುವುದನ್ನೇ ಬಿಟ್ಟಿದ್ದೇನೆ. ದೂರದ ಸಮುದ್ರದಲ್ಲಿ ಚೆಲ್ಲಿದಂತಿರುವ ಕೆಲವು ದ್ವೀಪಗಳು ಎಂದರೆ ಸಾಕು. ಅಪ್ಪ ಆ ದೇಶವನ್ನು ಒಮ್ಮೆಯೂ ನೋಡಿರಲಿಲ್ಲ.

ಅಪ್ಪ ಮೂಲ್ಕಿಯ ಕಡೆಯವರು. ಬಹರೇನಿಗೆ ಬಂದದ್ದು ಬಂದರಿನಿಂದ ಸರಕು ಬಿಡಿಸುವ ಒಂದು ಕಚೇರಿಯಲ್ಲಿ ಗುಮಾಸ್ತನಾಗಿ. ಮುಂದೆ ಅದೇ ಕೆಲಸದ ಸಣ್ಣದೊಂದು ಕಚೇರಿಯನ್ನು ಸ್ವಂತಕ್ಕೆ ಮಾಡಿಕೊಂಡರು, ಅದು ಸಾಕಷ್ಟು ಚೆನ್ನಾಗಿಯೇ ನಡೆಯಿತು. ಆದರೆ ಅವರ ಜೀವ ಇದ್ದದ್ದು ಅಲ್ಲಿ ಅಲ್ಲ. ನಾಲ್ಕು ಜನ ತನ್ನ ಹತ್ತಿರ ಬಂದು ‘ಶೇಖರಣ್ಣ, ಇದೊಂದು ನೀವೇ ಮಾಡಿಕೊಡ್ಬೇಕು’ ಎನ್ನಬೇಕು. ಅವರ ಹಸಿವು ಅದು. ಊರಿನಲ್ಲೇ ಇದ್ದಿದ್ದರೆ ಪಂಚಾಯತಿಯಿಂದ ಶುರುಮಾಡಿ ಎಲ್ಲಿಗೋ ತಲುಪುತ್ತಿದ್ದರು. ಇಲ್ಲಿ ಪರದೇಶಿಗಳಿಗೆ ಎಂಥ ಚುನಾವಣೆ? ಇದ್ದದ್ದು ನಮ್ಮ ಕರಾವಳಿಯವರ ಒಂದು ಸಂಘ. ಅಪ್ಪ ತನ್ನ ರಾಜಕೀಯವನ್ನೆಲ್ಲ ಅದರೊಳಗೇ ತುಂಬಿದರು. ಯಾರ ಮಗುವಿಗೆ ನಾಮಕರಣ, ಯಾರ ತಾಯಿ ಊರಲ್ಲಿ ತೀರಿಕೊಂಡರು, ಯಾರಿಗೆ ಅರಬ್ಬಿ ಮಾಲಿಕನ ಜೊತೆ ಜಗಳ, ಎಲ್ಲದಕ್ಕೂ ಅಪ್ಪ ಹಾಜರು. ನಾನು ಹುಟ್ಟುವ ಹೊತ್ತಿಗೆ ಅವರು ಕಾರ್ಯದರ್ಶಿ, ಶಾಲೆಗೆ ಸೇರುವ ಹೊತ್ತಿಗೆ ಅಧ್ಯಕ್ಷ. ಮುಂದೆ ಬಹಳ ವರ್ಷ ಆ ಕುರ್ಚಿಯಿಂದ ಏಳಲೇ ಇಲ್ಲ.

ಆಗ ನಾವಿದ್ದದ್ದು ಗುದೈಬಿಯಾದಲ್ಲಿ, ಲಿಫ್ಟ್ ಇಲ್ಲದ ಹಳೆಯ ಕಟ್ಟಡದ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತಿ ಬರುವಾಗಲೇ ಬಾಗಿಲ ಹೊರಗಿನ ಚಪ್ಪಲಿ ರಾಶಿ ನೋಡಿ ಒಳಗೆ ಎಷ್ಟು ಜನ ಇದ್ದಾರೆಂದು ಅಂದಾಜು ಮಾಡುತ್ತಿದ್ದೆ. ರಾಶಿ ದೊಡ್ಡದಿದ್ದರೆ ನನ್ನ ಹೋಮ್‌ವರ್ಕ್ ಸ್ನಾನದ ಮನೆಯ ಬಕೆಟ್ ಬೋರಲು ಹಾಕಿ ಅದರ ಮೇಲೆ. ಇದ್ದ ಎರಡು ಕೋಣೆಗಳಲ್ಲಿ ಒಂದರಲ್ಲಿ ಸಂಘದ ಸಭೆ, ಇನ್ನೊಂದರಲ್ಲಿ ಸಭೆಗೆ ಬಂದವರ ಹೆಂಡತಿ ಮಕ್ಕಳು. ಶುಕ್ರವಾರ ಬಂತೆಂದರೆ ಅಮ್ಮ ಬೆಳಿಗ್ಗೆಯೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೇಳುತ್ತಿದ್ದಳು. ನಮ್ಮ ಮನೆಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಇವತ್ತು ಊಟಕ್ಕೆ ಎಷ್ಟು ಜನ?”

“ಯಾರೂ ಇಲ್ಲ ಮಾರಾಯ್ತಿ. ನೋಡುವ.”

ಈ ‘ನೋಡುವ’ ಎಂಬುದು ಅಪ್ಪನ ಬಾಯಿಯ ಮಾತು. ಅವರ ರಾಜಕೀಯ ಪೂರ್ತಿ ಅದೊಂದು ಶಬ್ದದ ಮೇಲೆ ನಿಂತಿತ್ತು. ಯಾರಿಗೂ ಇಲ್ಲ ಎನ್ನುವ ಹಾಗಿಲ್ಲ, ಹೌದು ಎಂದು ಸಿಕ್ಕಿಹಾಕಿಕೊಳ್ಳುವ ಹಾಗೂ ಇಲ್ಲ. ಬೇರೆ ಬೇರೆ ಇಬ್ಬರು ಒಂದೇ ಪದವಿ ಕೇಳಿಕೊಂಡು ಬಂದರೆ ಇಬ್ಬರಿಗೂ ನೋಡುವ. ನನಗೆ ಸೈಕಲ್ ಬೇಕೆಂದರೆ ನೋಡುವ, ಅದು ಬರಲಿಲ್ಲ. ತಮ್ಮ ದೀಪುವನ್ನು ಈಜು ಕಲಿಯಲು ಸೇರಿಸಬೇಕೆಂದರೆ ನೋಡುವ. ಅವನಿಗೆ ಇವತ್ತಿಗೂ ಈಜು ಬರುವುದಿಲ್ಲ. ‘ಯಾರೂ ಇಲ್ಲ, ನೋಡುವ’ ಎಂದರೆ ಮಧ್ಯಾಹ್ನಕ್ಕೆ ಬಾಗಿಲು ತುಂಬ ಜನ ಎಂದು ಅಮ್ಮನಿಗೆ ಗೊತ್ತಿತ್ತು. ಬೈಯುತ್ತಲೇ ದೊಡ್ಡ ಪಾತ್ರೆ ಇಳಿಸುತ್ತಿದ್ದಳು, ಬೈಯುತ್ತಲೇ ಕೊತ್ತಂಬರಿ ಹುರಿಯುತ್ತಿದ್ದಳು. ಬಂದವರೆದುರು ಮಾತ್ರ ಮುಖದ ಒಂದು ಗೆರೆಯೂ ಅಲ್ಲಾಡುತ್ತಿರಲಿಲ್ಲ. ಅವರೆಲ್ಲ ಕೈ ತೊಳೆದು ಹೋದ ಮೇಲೆ ನಮಗೆ ಉಳಿಯುತ್ತಿದ್ದದ್ದು ಗಸಿ ಮಾತ್ರ, ಕೋಳಿ ಅಲ್ಲ. ಕೋಳಿಯ ತುಂಡಿಗಾಗಿ ನಾನೂ ದೀಪುವೂ ಜಗಳವಾಡಿ ಇಬ್ಬರೂ ಪೆಟ್ಟು ತಿಂದದ್ದುಂಟು.

ಹಾಗೆ ಬರುತ್ತಿದ್ದವರಲ್ಲಿ ದಾಮಣ್ಣ ಮುಖ್ಯ. ಸಂಘದ ದೊಡ್ಡ ಬೆನ್ನೆಲುಬು, ಅರಾದ್‌ನಲ್ಲಿ ಸ್ವಂತದ್ದೆನ್ನುವಂಥ ಮನೆ, ನಾಲ್ಕಾರು ವ್ಯಾಪಾರ. ಅಪ್ಪ ಮೊದಲು ಈ ದ್ವೀಪಕ್ಕೆ ಬಂದಾಗ, ಮಲಗಲು ಜಾಗವಿಲ್ಲದೆ ನಿಂತಿದ್ದಾಗ, ತನ್ನ ಮಂಚದ ಅರ್ಧ ಬಿಟ್ಟುಕೊಟ್ಟವರು ಅವರು. ಕೆಲಸ ಹುಡುಕಿ ಕೊಟ್ಟವರೂ ಅವರೇ. ಈ ಕತೆಯನ್ನು ಅಪ್ಪ ಎಷ್ಟು ಸಲ ಹೇಳುತ್ತಿದ್ದರೆಂದರೆ ದೀಪು ಅದನ್ನು ಅಪ್ಪನ ಧ್ವನಿಯಲ್ಲೇ ಅಭಿನಯಿಸಿ ತೋರಿಸುತ್ತಿದ್ದ. ದಾಮಣ್ಣ ಬಂದರೆ ಅಪ್ಪ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದರು. ಅವರು ಬೆರಳು ತೋರಿಸಿದ ಕಡೆಗೆ ಸಂಘದ ಅರ್ಧ ವೋಟು ಬೀಳುತ್ತಿತ್ತು.

ಕಾನ್ಸುಲ್ ಪದವಿ ಬಂದದ್ದು ಒಂದು ಸಮ್ಮೇಳನದಿಂದ. ಆ ದ್ವೀಪ ದೇಶದ ಮಂತ್ರಿಯೊಬ್ಬರು ಇಲ್ಲಿನ ರಾಜಧಾನಿ ಮನಾಮಾಕ್ಕೆ ಬಂದಿದ್ದರು, ಅವರ ಸಾಮಾನು ಇನ್ನೆಲ್ಲಿಗೋ ಹೋಗಿತ್ತು. ಯಾರೋ ಅಪ್ಪನ ಹೆಸರು ಹೇಳಿದರು. ಅಪ್ಪ ವಿಮಾನ ನಿಲ್ದಾಣದಲ್ಲಿ ತನಗೆ ಗೊತ್ತಿದ್ದ ಎಲ್ಲರ ಕೈಕಾಲು ಹಿಡಿದು ಪೆಟ್ಟಿಗೆ ತರಿಸಿಕೊಟ್ಟರು. ಅದು ಬರುವವರೆಗೆ ತೊಡಲು ತನ್ನದೇ ಸೂಟನ್ನೂ ಕೊಟ್ಟರು. ಮಂತ್ರಿಗಳು ಮನೆಗೂ ಬಂದು ಅಮ್ಮನ ಕೋರಿ ರೊಟ್ಟಿ ತಿಂದು ಬೆವರೊರೆಸಿಕೊಂಡು ಹೋದರು. ಬಹಳ ತಿಂಗಳ ಮೇಲೆ, ನಾವೆಲ್ಲ ಅದನ್ನು ಮರೆತ ಮೇಲೆ, ಅಪ್ಪ ಒಂದು ಸಂಜೆ ಎರಡೆರಡು ಮೆಟ್ಟಿಲು ಹಾರಿಕೊಂಡು ಬಂದರು.

“ಸುಮತೀ, ನನ್ನನ್ನು ಆನರರಿ ಕಾನ್ಸುಲ್ ಮಾಡಿದ್ದಾರೆ!”

“ಅಂದ್ರೆ ಎಂತ?”

“ಅಂದ್ರೆ ಇಲ್ಲಿ ಆ ದೇಶ ಅಂದ್ರೆ ನಾನು.”

“ಸಂಬಳ?”

“ಇಲ್ಲ. ಗೌರವ.”

ಅಮ್ಮ ಒಲೆಯ ಕಡೆ ತಿರುಗಿಕೊಂಡಳು.

ಗುದೈಬಿಯಾದ ಮೆಟ್ಟಿಲು ಹತ್ತಿಕೊಂಡು ಕಾನ್ಸುಲೇಟಿಗೆ ಯಾರು ಬರುತ್ತಾರೆ? ಹಾಗೆಂದು ಅಪ್ಪ ನಮ್ಮನ್ನು ಮಾಹೂಝ್‌ಗೆ ಸಾಗಿಸಿದರು. ಅಲ್ಲಿ ಲಿಫ್ಟ್ ಇತ್ತು, ಬಾಲ್ಕನಿ ಇತ್ತು, ಬೇರೆಯೇ ಆದ ಊಟದ ಕೋಣೆ ಇತ್ತು. ಅಮ್ಮ ಮೊದಲ ದಿನ ಆ ಕೋಣೆಯ ನಡುವೆ ನಿಂತು ಮೇಜು ಎಲ್ಲಿ ಇಡುವುದೆಂದು ಕೈಯಿಂದ ಅಳತೆ ಹಾಕಿದ್ದು ನೆನಪಿದೆ. ಮೇಜು ಬಂತು. ಆದರೆ ಅದರ ಮೇಲೆ ಹಸಿರು ಬಟ್ಟೆ, ಪೆನ್ನಿನ ಸ್ಟ್ಯಾಂಡು, ಕೈಯಷ್ಟಗಲದ ಬಾವುಟ. ಬಾಗಿಲಿಗೆ ಹಿತ್ತಾಳೆಯ ಫಲಕ. ಈಶಾನ್ಯ ಮೂಲೆಯಲ್ಲಿ ಅಮ್ಮ ದೇವರಿಡಬೇಕೆಂದಿದ್ದಳು. ಅಲ್ಲಿ ಆ ದೇಶದ ಅಧ್ಯಕ್ಷರ ದೊಡ್ಡ ಚೌಕಟ್ಟಿನ ಭಾವಚಿತ್ರ ಬಂತು, ದೇವರು ಅಡುಗೆಮನೆಯ ಕಪಾಟಿಗೆ, ಸಕ್ಕರೆ ಡಬ್ಬದ ಪಕ್ಕಕ್ಕೆ ಹೋದರು. ಊರಿಂದ ಬಂದಿದ್ದ ಒಬ್ಬ ಹಿರಿಯ ಹೆಂಗಸು ಆ ಭಾವಚಿತ್ರ ನಮ್ಮ ತೀರಿಹೋದ ಅಜ್ಜನದ್ದಿರಬೇಕೆಂದು ತಿಳಿದು ಕೈ ಮುಗಿದು, ‘ಮುಖದಲ್ಲಿ ಎಂಥ ಕಳೆ’ ಎಂದು ಕಣ್ಣೊರೆಸಿಕೊಂಡರು. ಅಪ್ಪ ತಿದ್ದಲಿಲ್ಲ. ತಿದ್ದಿದರೆ ಅವರಿಗೆ ಬೇಜಾರಾಗಬಹುದಲ್ಲ.

ಬಾಲ್ಕನಿಯಲ್ಲಿ ದೊಡ್ಡ ಬಾವುಟ. ಅದು ಹಾರುವ ದಿನ ಅದರ ಕೆಳಗೆ ಬಟ್ಟೆ ಒಣಗಿಸಬಾರದು. ಬಹರೇನಿನ ಬಿಸಿಲಿರುವ ಊರಿನಲ್ಲಿ ನಮ್ಮ ಶಾಲೆಯ ಯೂನಿಫಾರ್ಮ್ ಕೋಣೆಯೊಳಗೆ ಎ.ಸಿ. ಗಾಳಿಗೆ ಒಣಗಬೇಕಾಯಿತು, ಹಸಿ ವಾಸನೆ ಹೊಡೆಯುತ್ತಿತ್ತು. ವರ್ಷಕ್ಕೊಮ್ಮೆ ಅವರ ರಾಷ್ಟ್ರೀಯ ದಿನ. ಅವತ್ತು ಬೇರೆ ಬೇರೆ ದೇಶದವರು ಸೂಟು ಹಾಕಿಕೊಂಡು ಬಂದು ಅಮ್ಮನ ನೀರುದೋಸೆಯನ್ನು ಮುಳ್ಳುಚಮಚದಲ್ಲಿ ಎತ್ತಲು ಹೋಗಿ ಸೋಲುತ್ತಿದ್ದರು. ನಾನು ಮತ್ತು ದೀಪು ಆ ದೇಶದ ರಾಷ್ಟ್ರಗೀತೆಯನ್ನು ಬಾಯಿಪಾಠ ಹಾಡಬೇಕು, ಒಂದಕ್ಷರದ ಅರ್ಥ ಗೊತ್ತಿಲ್ಲದೆ. ಎಲ್ಲಕ್ಕಿಂತ ರೇಗುತ್ತಿದ್ದ ವಿಷಯವೆಂದರೆ, ಆ ದೇಶದ ಒಬ್ಬನೇ ಒಬ್ಬ ಮನುಷ್ಯನೂ ಬಹರೇನಿನಲ್ಲಿ ಇರಲಿಲ್ಲ. ಅಮ್ಮ ಒಮ್ಮೆ ಕೇಳಿಯೇ ಬಿಟ್ಟಳು:

“ಜನವೇ ಇಲ್ಲದ ಮೇಲೆ ಇಡೀ ಕೋಣೆ ಯಾಕೆ ಬೇಕು? ಬಾವುಟವನ್ನು ಆ ಕಪಾಟಿನಲ್ಲಿಟ್ಟು ನಮಗೆ ಊಟದ ಮೇಜು ಕೊಡಿ.”

“ಜನ ಬರ್ತಾರೆ. ನೋಡುವ.”

ಬಂದ. ನಾನು ಹೈಸ್ಕೂಲಿನಲ್ಲಿದ್ದೆ. ಒಂದು ಮಧ್ಯಾಹ್ನ ಬೆಲ್ಲಾಯಿತೆಂದು ಬಾಗಿಲು ತೆಗೆದರೆ, ಬಾಗಿಲ ಚೌಕಟ್ಟಿಗಿಂತ ತುಸುವೇ ಗಿಡ್ಡ ಇರುವ ಒಬ್ಬ ಆಳು, ಎರಡು ಊರುಗೋಲಿನ ಮೇಲೆ ಭಾರ ಬಿಟ್ಟು, ಹಿತ್ತಾಳೆಯ ಫಲಕವನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದ. ಬಲಗಾಲಿನ ಮಂಡಿ ಹಲಸಿನಕಾಯಿಯಷ್ಟು ಊದಿತ್ತು. ಟ್ಯಾಕ್ಸಿಯವನಿಗೆ ವಿಳಾಸ ತೋರಿಸಿ ಬಂದಿದ್ದ. ಒಳಗೆ ಬಂದವನು ಅಧ್ಯಕ್ಷರ ಭಾವಚಿತ್ರ ನೋಡಿ ಗಟ್ಟಿಯಾಗಿ ನಕ್ಕ, ಆಮೇಲೆ ಅಲ್ಲೇ ಕೂತು ಅಳತೊಡಗಿದ. ಅವನ ಹೆಸರು ಎಮಿಲ್. ಫುಟ್ಬಾಲ್ ಆಟಗಾರ, ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ಇಲ್ಲಿನ ಒಂದು ಖಾಸಗಿ ತಂಡಕ್ಕೆ ಆಡಲು ಕರೆಸಿಕೊಂಡಿದ್ದರು. ಅಭ್ಯಾಸ ಪಂದ್ಯದಲ್ಲಿ ಬಿದ್ದು ಮಂಡಿ ತಿರುಚಿಹೋಗಿತ್ತು, ಆಪರೇಷನ್ ಆಗಲೇಬೇಕೆಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಅವತ್ತಿನಿಂದ ತಂಡದವರು ಫೋನ್ ಎತ್ತುತ್ತಿಲ್ಲ. ಇದ್ದ ಕೋಣೆಯಿಂದ ಹೊರಗೆ ಹಾಕಿದ್ದಾರೆ. ಪಾಸ್‌ಪೋರ್ಟ್ ತನ್ನನ್ನು ಕರೆಸಿಕೊಂಡವರ ಕೈಯಲ್ಲಿದೆ.

ಅಪ್ಪ ಆಫೀಸಿನಿಂದ ಓಡಿ ಬಂದರು. ಅಂತೂ ಒಬ್ಬ ಪ್ರಜೆ ಸಿಕ್ಕಿದ ಸಂಭ್ರಮದಲ್ಲಿ ಕೋಟು ಹಾಕಿಕೊಂಡೇ ಅವನೆದುರು ಕೂತರು. ಕರೆಸಿಕೊಂಡವರು ಯಾರು ಎಂದು ಕೇಳಿದರು. ತಂಡಕ್ಕೆ ಹೊರಗಿನ ಆಟಗಾರರನ್ನು ತರಿಸಿಕೊಡುವವರೆಂದು ಎಮಿಲ್ ಹೇಳಿದ ಹೆಸರು ದಾಮಣ್ಣನದ್ದು.

ಅಪ್ಪನ ಮುಖ ಹೇಗಾಯಿತೆಂದರೆ, ನಾನು ನೀರು ತರುವ ನೆಪದಲ್ಲಿ ಎದ್ದು ಹೋದೆ.

ಎಮಿಲ್ ಊಟದ ಕೋಣೆಯಲ್ಲಿ ಉಳಿದ. ಮೇಜನ್ನು ಗೋಡೆಗೆ ತಳ್ಳಿ ಹಾಸಿಗೆ ಹಾಕಿದೆವು. ಕಾಲು ಚಾಚಿದರೆ ಬಾಗಿಲು ಮುಚ್ಚಲು ಬರುತ್ತಿರಲಿಲ್ಲ. ಅಮ್ಮನ ಗೊಣಗಾಟ ಮುಗಿಲು ಮುಟ್ಟಿತು. ಅವನಿಗೆ ಒಂದು ಸೇರಕ್ಕಿ ಅನ್ನ ಬೇಕು, ಸ್ನಾನಕ್ಕೆ ಹೋದರೆ ಹೊರಗೆ ಬರುವುದಿಲ್ಲ, ಊರುಗೋಲಿನ ಸದ್ದಿಗೆ ಕೆಳಗಿನ ಮನೆಯ ಪಾಕಿಸ್ತಾನಿ ಹೆಂಗಸು ಬಂದು ಕೇಳುತ್ತಾಳೆ. ಇಷ್ಟೆಲ್ಲ ಹೇಳುತ್ತಲೇ ಅವನ ಮಂಡಿಗೆ ಬಿಸಿ ಉಪ್ಪಿನ ಗಂಟು ಇಡುತ್ತಿದ್ದಳು. ಅವನಿಗೆ ಇಂಗ್ಲಿಷ್, ಅವಳಿಗೆ ತುಳು. ಮೀನಿನ ವಿಷಯದಲ್ಲಿ ಇಬ್ಬರಿಗೂ ಮಾತಿನ ಕೊರತೆ ಬೀಳಲಿಲ್ಲ. ತೆಂಗಿನಹಾಲಿನಲ್ಲಿ ಬೇಯಿಸಿದ ಸಾಫಿ ಮೀನನ್ನು ತಿಂದು ಅವನು ಕಣ್ಣು ಮುಚ್ಚಿ ತನ್ನ ಅಜ್ಜಿಯ ಹೆಸರು ಹೇಳಿದ. ಮರುದಿನದಿಂದ ಅಮ್ಮ ಅವನನ್ನು ‘ಮಗಾ’ ಎಂದು ಕರೆಯತೊಡಗಿದಳು, ಗೊಣಗುವುದನ್ನು ಬಿಡಲಿಲ್ಲ.

ಅಪ್ಪ ಈ ನಡುವೆ ತನಗೆ ಗೊತ್ತಿದ್ದ ರಾಜಕೀಯ ಮಾಡುತ್ತಿದ್ದರು. ದಾಮಣ್ಣನಿಗೆ ಫೋನ್ ಮಾಡಿ ಹವಾಮಾನ ವಿಚಾರಿಸುವುದು, ನಡುವೆ ಮೆಲ್ಲಗೆ ಹುಡುಗನ ವಿಷಯ ತೂರಿಸುವುದು, ಆ ಕಡೆಯಿಂದ ಗದರಿದರೆ ನಗುವುದು. ಎಮಿಲ್‌ನ ಹತ್ತಿರ ಬಂದು ‘ಎಲ್ಲ ಸರಿಯಾಗ್ತದೆ’ ಎನ್ನುವುದು. ಮಂಡಿ ದಿನದಿಂದ ದಿನಕ್ಕೆ ಬಿಗಿಯುತ್ತಿತ್ತು. ತಡವಾದರೆ ಕಾಲು ನೆಟ್ಟಗಾಗುವುದಿಲ್ಲ ಎಂದು ವೈದ್ಯರು ಹೇಳಿದ್ದರು. ಅದು ಎಮಿಲ್‌ಗೆ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಸಂಘದ ಚುನಾವಣೆ ಹತ್ತಿರ ಬರುತ್ತಿತ್ತು. ಅದು ನಮಗೆಲ್ಲರಿಗೂ ಗೊತ್ತಿತ್ತು. ನಾನು ಅಪ್ಪನೊಡನೆ ಮಾತು ಬಿಟ್ಟಿದ್ದೆ. ಅವರು ಅದನ್ನು ಗಮನಿಸಿರಲಿಲ್ಲ ಎಂಬುದು ಇನ್ನೂ ಹೆಚ್ಚು ಸಿಟ್ಟು ತರಿಸಿತ್ತು.

ಕೊನೆಗೆ ಅಪ್ಪ ದಾಮಣ್ಣನನ್ನು ಶುಕ್ರವಾರದ ಊಟಕ್ಕೆ ಕರೆದರು. ಎದುರೆದುರು ಕೂತು ಉಂಡರೆ ಎಲ್ಲ ತಿಳಿಯಾಗುತ್ತದೆ ಎಂಬುದು ಅವರ ನಂಬಿಕೆ. ಹಾಸಿಗೆ ಸುತ್ತಿಟ್ಟು ಮೇಜನ್ನು ನಡುವಿಗೆ ಎಳೆದು, ಹಸಿರು ಬಟ್ಟೆ ತೆಗೆದು ಎಲೆ ಹಾಕಿದೆವು. ಆ ಮನೆಯಲ್ಲಿ ಆ ಮೇಜಿನ ಮೇಲೆ ಎಲೆ ಹಾಕಿ ನಡೆದ ಮೊದಲ ಊಟ ಅದು. ದಾಮಣ್ಣ ನಡುವೆ, ಒಂದು ಬದಿಗೆ ಅಪ್ಪ, ಎದುರಿಗೆ ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿ ಎಮಿಲ್. ಅಮ್ಮ ಬಡಿಸುತ್ತಿದ್ದಳು. ನಾನು ಅನ್ನದ ಪಾತ್ರೆ ಹಿಡಿದು ಅವಳ ಹಿಂದೆ. ದಾಮಣ್ಣ ಮೊದಲ ತುತ್ತಿಗೇ ವಿಷಯಕ್ಕೆ ಬಂದರು. ಎಮಿಲ್‌ಗೆ ತಿಳಿಯಬಾರದೆಂದು ತುಳುವಿನಲ್ಲಿ.

“ಶೇಖರ, ನಾನು ಪಾಸ್‌ಪೋರ್ಟ್ ಕೊಡುದಿಲ್ಲ ಅಂತ ಹೇಳ್ಲಿಲ್ಲ. ಇವ ಒಂದು ಮಾತು ಹೇಳಿದ್ರೆ ಸಾಕು. ಆಟದಲ್ಲಿ ಬಿದ್ದದ್ದಲ್ಲ, ಕೋಣೆಯ ಮೆಟ್ಟಿಲಲ್ಲಿ ಬಿದ್ದದ್ದು ಅಂತ. ಆಗ ಆಪರೇಷನ್ ಖರ್ಚು ಅಂತ ತಂಡಕ್ಕೆ ಎಂತ ತಾಪತ್ರಯ ಇಲ್ಲ. ಇವತ್ತೇ ಕಳಿಸುವ.”

“ಹೌದಣ್ಣ, ಮಾತಾಡುವ,” ಎಂದರು ಅಪ್ಪ. ಎಮಿಲ್‌ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಸಕ್ಕರೆ ಸವರಿದ ಧ್ವನಿಯಲ್ಲಿ, ಮೆಟ್ಟಿಲು ಎನ್ನುವುದು ಅಂಥ ದೊಡ್ಡ ಮಾತೇನಲ್ಲ, ಊರಿಗೆ ಮುಟ್ಟುವುದು ಮುಖ್ಯ ಎಂದು ವಿವರಿಸಿದರು. ಎಮಿಲ್ ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದ.

“ಸರ್, ನಾನಿದ್ದದ್ದು ನೆಲ ಅಂತಸ್ತಿನಲ್ಲಿ,” ಎಂದ ಇಂಗ್ಲಿಷಿನಲ್ಲಿ. “ಅಲ್ಲಿ ಮೆಟ್ಟಿಲು ಇರಲಿಲ್ಲ.”

ಅಪ್ಪ ನಕ್ಕರು. ಮುಜುಗರವಾದಾಗ ಅವರು ನಗುತ್ತಿದ್ದ ಆ ನಗು ನನಗೆ ಕೆನ್ನೆಗೆ ಹೊಡೆದ ಹಾಗಾಗುತ್ತಿತ್ತು. ಅಮ್ಮ ನನ್ನ ಕಡೆ ನೋಡಿದಳು. ನಾನು ಅವನು ಹೇಳಿದ್ದನ್ನು ತುಳುವಿನಲ್ಲಿ ಹೇಳಿದೆ. ಅಮ್ಮ ಸಾರಿನ ಸೌಟನ್ನು ಪಾತ್ರೆಗೆ ಹಾಕಿ, ಪಾತ್ರೆಯನ್ನು ಮೇಜಿನ ಮೇಲಿಟ್ಟಳು.

“ಅಣ್ಣ, ಯಾವ ಮೆಟ್ಟಿಲು?”

“ತಂಗಿ, ಇದು ನಿನಗೆ ಅರ್ಥ ಆಗುದಿಲ್ಲ.”

“ಮೆಟ್ಟಿಲು ಅರ್ಥ ಆಗ್ತದೆ. ಗುದೈಬಿಯಾದಲ್ಲಿ ನಿಮಗೆಲ್ಲ ಕೋಳಿ ಸಾಮಾನು ಹೊತ್ತುಕೊಂಡು ಮೆಟ್ಟಿಲು ಹತ್ತಿದವಳು ನಾನು. ಇವನ ಮನೆಯ ಮೆಟ್ಟಿಲು ಯಾವುದು? ತೋರಿಸಿ, ನಾವೆಲ್ಲ ಈಗಲೇ ನೋಡಿ ಬರುವ.”

“ಶೇಖರ, ನಿನ್ನ ಹೆಂಡತಿ...”

“ಅವರನ್ನು ಎಂತ ಕೇಳುದು? ಅವರು ನೋಡುವ ಅಂತಾರೆ.”

ದಾಮಣ್ಣ ಎದ್ದರು. ಎಲೆಯಲ್ಲಿ ಅನ್ನ ಹಾಗೇ ಇತ್ತು. ಕೈ ತೊಳೆಯಲು ನಾನು ದಾರಿ ಬಿಟ್ಟೆ; ತೊಳೆಯಲಿಲ್ಲ, ಕರವಸ್ತ್ರದಲ್ಲಿ ಒರೆಸಿಕೊಂಡು ಬಾಗಿಲ ಕಡೆ ನಡೆದರು. ಅಪ್ಪ ಲಿಫ್ಟಿನವರೆಗೂ ‘ಅಣ್ಣಾ, ಅಣ್ಣಾ’ ಎನ್ನುತ್ತಾ ಎಂಜಲು ಕೈಯಲ್ಲೇ ಹಿಂದೆ ಓಡಿದರು. ವಾಪಸು ಬಂದು ಅಡುಗೆಮನೆಯಲ್ಲಿ ಅಮ್ಮನ ಮೇಲೆ ಹರಿಹಾಯ್ದರು. ಅಷ್ಟು ದೊಡ್ಡ ಧ್ವನಿಯನ್ನು ನಾನು ಸಂಘದ ಸಭೆಯಲ್ಲೂ ಕೇಳಿರಲಿಲ್ಲ.

“ಮನೆಗೆ ಕರೆದು ಅವಮಾನ ಮಾಡಿ ಕಳಿಸಿದಿಯಲ್ಲ! ನನಗೆ ಮಲಗ್ಲಿಕ್ಕೆ ಜಾಗ ಇಲ್ಲದಾಗ ಅವರ ಮಂಚದಲ್ಲಿ ಅರ್ಧ ಕೊಟ್ಟವರು!”

“ಹೌದು, ಕೊಟ್ಟಿದ್ದಾರೆ. ದೊಡ್ಡ ಮನಸ್ಸು ಅವರದ್ದು. ಅದಕ್ಕೆ ನಿಮ್ಮ ಚರ್ಮ ಸುಲಿದು ಚಪ್ಪಲಿ ಮಾಡಿ ಕೊಡಿ, ನಾನು ಬೇಡ ಅನ್ನುದಿಲ್ಲ. ಈ ಹುಡುಗನ ಕಾಲು ಕೊಡ್ಲಿಕ್ಕೆ ಅದು ನಿಮ್ಮದಾ?”

ಅಪ್ಪ ಊಟದ ಕೋಣೆಗೆ ಹೋಗಿ, ತೆಗೆಯದೇ ಉಳಿದ ಎಲೆಗಳ ಮುಂದೆ ಕೂತರು. ಎಮಿಲ್ ಹಾಲ್‌ನ ಸೋಫಾದ ಮೇಲೆ ದೀಪುವಿನ ಜೊತೆ ಟಿವಿ ನೋಡುವಂತೆ ನಟಿಸುತ್ತಿದ್ದ. ಬಿಸಿಲು ಬಾಲ್ಕನಿಯಿಂದ ಸರಿದು ಹೋಗುವವರೆಗೂ ಅಪ್ಪ ಅಲ್ಲೇ ಇದ್ದರು. ನಾನು ಎಲೆ ಎತ್ತಲು ಹೋದಾಗ, ಬಹಳ ದಿನಗಳ ಮೇಲೆ ನನ್ನ ಮುಖ ನೋಡಿ, ‘ಅವನನ್ನು ಕರಿ’ ಎಂದರು. ಎಮಿಲ್ ಬಂದ. ಅಪ್ಪ ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ ಕೇಳಿದರು, ಎಲ್ಲಿ ಬಿದ್ದದ್ದು ಎಂದು. ಅವನು ಹೇಳಿದ. ಮೈದಾನದ ಯಾವ ಮೂಲೆ, ಯಾರು ಅಡ್ಡ ಬಂದರು, ಮಂಡಿಯೊಳಗೆ ಕೇಳಿಸಿದ ಸದ್ದು, ಎಲ್ಲ ಹೇಳಿದ. ಅಪ್ಪ ನಡುವೆ ಒಂದು ಮಾತೂ ಆಡದೆ ಕೇಳಿದ್ದನ್ನು ನಾನು ಅವತ್ತೇ ನೋಡಿದ್ದು. ಆಮೇಲೆ ಫೋನ್ ತೆಗೆದು ನಮ್ಮೆದುರೇ ದಾಮಣ್ಣನಿಗೆ ಮಾಡಿದರು.

“ಅಣ್ಣಾ, ನಾಳೆ ನಾನು ಈ ಹುಡುಗನನ್ನು ಕರ್ಕೊಂಡು ಪೊಲೀಸ್ ಸ್ಟೇಶನಿಗೆ ಹೋಗ್ತೇನೆ. ನಿಮಗೆ ಹೇಳದೆ ಹೋದ್ರೆ ಸರಿಯಲ್ಲ, ಅದಕ್ಕೆ ಮಾಡಿದೆ. ಆಯ್ತು, ಇಡ್ತೇನೆ.”

ಅಪ್ಪನ ಬಾಯಿಂದ ‘ನೋಡುವ’ ಎಂಬ ಬಾಲವಿಲ್ಲದ ಮಾತು ಹೊರಟಿತ್ತು. ಅಮ್ಮ ಅಡುಗೆಮನೆಯಿಂದ ಬಂದು ಅವರ ಮುಂದೆ ಅನ್ನದ ತಟ್ಟೆ ಇಟ್ಟು ಹೋದಳು.

ಮರುದಿನ ಸುಡುವ ಬಿಸಿಲಿನಲ್ಲಿ ಅಪ್ಪ ಕೋಟು ಹಾಕಿಕೊಂಡು, ಕಾನ್ಸುಲ್ ಎಂದು ಬರೆದ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ಹೋದರು. ಠಾಣೆಯವರು ದಾಮಣ್ಣನನ್ನೂ ತಂಡದವರನ್ನೂ ಕರೆಸಿದರು. ಅಪ್ಪ ಆ ತನಕ ಹೆಮ್ಮೆಗಷ್ಟೇ ಇದ್ದ ತನ್ನ ಪದವಿಯನ್ನು ಮೊದಲ ಸಲ ಕೆಲಸಕ್ಕೆ ಹಚ್ಚಿದರು. ಬೇರೆಲ್ಲೋ ಇದ್ದ ಆ ದ್ವೀಪ ದೇಶದ ರಾಯಭಾರ ಕಚೇರಿಯನ್ನು ಹಗಲು ಪೂರ್ತಿ ಫೋನಿನಲ್ಲಿ ಪೀಡಿಸಿದರು. ಆಪರೇಷನ್ ಹೊಣೆಯನ್ನು ತಂಡದವರು ಒಪ್ಪಿಕೊಳ್ಳಬೇಕಾಯಿತು. ಪಾಸ್‌ಪೋರ್ಟ್ ಮಾತ್ರ ಕಳೆದುಹೋಗಿದೆ ಎಂದು ದಾಮಣ್ಣ ಕೊನೆಯವರೆಗೂ ಸಾಧಿಸಿದರು. ಅದರ ಬದಲಿಗೆ ಎಮಿಲ್ ಊರಿಗೆ ಹೋಗಲು ಬೇಕಾದ ಕಾಗದಕ್ಕೆ ಅಪ್ಪನೇ ಸಹಿ ಹಾಕಿ ಮೊಹರು ಒತ್ತಿದರು. ಆ ಮೊಹರಿನ ಶಾಯಿ ಒಣಗಿಹೋಗಿತ್ತು. ದೀಪು ಇಲ್ಲಿ ಕೋಲ್ಡ್ ಸ್ಟೋರ್ ಎನ್ನುವ ಮೂಲೆಯ ಕಿರಾಣಿ ಅಂಗಡಿಗೆ ಓಡಿ ಹೊಸ ಶಾಯಿ ತಂದ.

ಸಂಘದಲ್ಲಿ ಅಪ್ಪ ಸೋತರು. ಸೋತದ್ದಲ್ಲ, ನಿಂತದ್ದೇ ಇಲ್ಲ ಎನ್ನಬೇಕು. ಅವರ ಹೆಸರನ್ನು ಸೂಚಿಸಲು ಒಬ್ಬರೂ ಏಳಲಿಲ್ಲ. ‘ಹೊರಗಿನವನಿಗಾಗಿ ನಮ್ಮವರನ್ನೇ ಠಾಣೆಗೆ ಎಳೆದವ’ ಎಂಬ ಮಾತು ಮನೆ ಮನೆಗೂ ತಲುಪಿತ್ತು. ನಾಮಕರಣದ ಕರೆ ನಿಂತಿತು. ಅಮ್ಮನ ಹಳೆಯ ಗೆಳತಿಯರು ತರಕಾರಿ ಅಂಗಡಿಯಲ್ಲಿ ಎದುರಾದರೆ ಬೆಂಡೆಕಾಯಿ ಆರಿಸುವುದರಲ್ಲಿ ಮುಳುಗುತ್ತಿದ್ದರು. ಶುಕ್ರವಾರ ಮನೆಯಲ್ಲಿ ಎ.ಸಿ. ಸದ್ದು ಮಾತ್ರ. ನನಗೆ ಬೇಕಾಗಿದ್ದದ್ದು ಇದೇ ಅಲ್ಲವೇ, ಶಾಂತಿ, ಓದಲು ಜಾಗ, ಕೋಳಿಯ ತುಂಡು? ಅಪ್ಪ ಫೋನಿನ ಪಕ್ಕ ಕೂತು ಅದರ ವೈರನ್ನು ಸರಿಮಾಡುವುದನ್ನು ನೋಡುತ್ತ ಓದಲು ಆಗುತ್ತಿರಲಿಲ್ಲ. ಇವರನ್ನು ಜನ ಇದ್ದಾಗ ಸಹಿಸುವುದು ಕಷ್ಟ, ಇಲ್ಲದಾಗ ನೋಡುವುದು ಅದಕ್ಕಿಂತ ಕಷ್ಟ ಎಂದು ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟು. ಇವತ್ತು ನಾನು ಇದೇ ಊರಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ. ಮಕ್ಕಳು ಏನಾದರೂ ಕೇಳಿದರೆ ಹೌದು ಅಥವಾ ಇಲ್ಲ ಎಂದು ಆ ಕ್ಷಣವೇ ಹೇಳುತ್ತೇನೆ. ಕಠಿಣ ಹೆಂಗಸು ಎಂದು ಹೆಸರಿದೆ. ಇರಲಿ.

ಎಮಿಲ್‌ನ ಆಪರೇಷನ್ ಆಗಿ, ಹೊಲಿಗೆ ಬಿಚ್ಚಿ, ಒಂದೇ ಊರುಗೋಲಿನಲ್ಲಿ ನಡೆಯುವಂತಾದ ಮೇಲೆ ಅವನನ್ನು ಕಳಿಸಲು ನಾವೆಲ್ಲ ವಿಮಾನ ನಿಲ್ದಾಣಕ್ಕೆ ಹೋದೆವು. ಅಂಥ ಕಾಗದವನ್ನು ಕೌಂಟರಿನವನು ಹಿಂದೆ ನೋಡಿರಲಿಲ್ಲ. ಅತ್ತ ಇತ್ತ ತಿರುಗಿಸಿದ, ಮೇಲಿನವರನ್ನು ಕರೆದ, ಅವರು ಇನ್ನೊಬ್ಬರನ್ನು ಕರೆದರು. ಕೊನೆಗೆ ಬಂದ ಹಿರಿಯ ಅಧಿಕಾರಿ ಇದು ಯಾರ ಸಹಿ ಎಂದು ಅರಬ್ಬಿಯಲ್ಲಿ ಕೇಳಿದರು. ‘ನನ್ನದು, ಇವನು ನಮ್ಮವನು’ ಎಂದರು ಅಪ್ಪ, ತನ್ನ ಮುರುಕು ಅರಬ್ಬಿಯಲ್ಲಿ. ಎಮಿಲ್ ಹೋಗುವಾಗ ಬಗ್ಗಿ ಅಮ್ಮನ ಕಾಲು ಮುಟ್ಟಿದ. ಅದನ್ನು ಅವನಿಗೆ ದೀಪು ಹೇಳಿಕೊಟ್ಟಿದ್ದ. ಮಂಡಿ ಪೂರ್ತಿ ಬಗ್ಗದೆ ಬೀಳುವಂತಾದಾಗ ಅಮ್ಮ ಅವನ ಹೆಗಲು ಹಿಡಿದು, ಇಷ್ಟು ಖರ್ಚು ಮಾಡಿ ಸರಿಮಾಡಿದ ಕಾಲನ್ನು ಇಲ್ಲೇ ಮುರಿದುಕೊಳ್ಳಬೇಡ ಎಂದು ಬೈದಳು. ಅವನು ಮತ್ತೆ ದೊಡ್ಡ ಮೈದಾನದಲ್ಲಿ ಆಡಲಿಲ್ಲ. ತನ್ನ ಊರಿನ ಮಕ್ಕಳಿಗೆ ಆಟ ಕಲಿಸುತ್ತಿದ್ದಾನೆ, ಕುಂಟದೆ ನಡೆಯುತ್ತಾನೆ.

ಹಿಂದೆ ಬರುವಾಗ ಮಧ್ಯಾಹ್ನ ಇಳಿಯುತ್ತಿತ್ತು. ಮನೆಗೆ ಹೋಗುವ ಸೇತುವೆಯ ಕಡೆ ತಿರುಗಬೇಕಾದ ಕಾರನ್ನು ಅಪ್ಪ ಅರಾದ್‌ನ ಕಡೆ ತಿರುಗಿಸಿದರು.

“ಎಲ್ಲಿಗೆ?” ಎಂದಳು ಅಮ್ಮ.

“ಇಲ್ಲೇ ಹತ್ತಿರ ಅಲ್ವಾ. ದಾಮಣ್ಣನಿಗೆ ಹೇಳಿ ಬರುವ, ಹುಡುಗ ಹೋದ ಅಂತ.”

“ನಿಮಗೆ ಎಂತ ಮರುಳಾ? ನಿಮ್ಮನ್ನು ಊರೆಲ್ಲ ಬಿಟ್ಟುಹಾಕುವ ಹಾಗೆ ಮಾಡಿದವರ ಮನೆಗೆ? ನಾಚಿಕೆ ಅಂತ ಒಂದುಂಟಾ ಇಲ್ವಾ ನಿಮಗೆ?”

ಅಪ್ಪ ಓಡಿಸುತ್ತಲೇ ಇದ್ದರು. ಆ ಮನೆಯ ಎದುರು ನೆರಳು ನೋಡಿ ಕಾರು ನಿಲ್ಲಿಸಿ, ಎ.ಸಿ. ನಮಗಾಗಿ ಬಿಟ್ಟು ಇಳಿದರು. ಕನ್ನಡಿಯಲ್ಲಿ ತಲೆ ಬಾಚಿಕೊಂಡರು. ಅಂಗಳದಲ್ಲಿ ದಾಮಣ್ಣನ ಬಿಳಿ ಕಾರು ನಿಂತಿತ್ತು. ಅಪ್ಪ ಬೆಲ್ ಒತ್ತಿ ಒಂದು ಹೆಜ್ಜೆ ಹಿಂದೆ ಸರಿದು, ಕೈ ಮುಂದೆ ಕಟ್ಟಿ ನಿಂತರು. ಮತ್ತೆ ಒತ್ತಿದರು. ಮೇಲಿನ ಕಿಟಕಿಯ ಪರದೆ ಒಂದು ಕಡೆಯಿಂದ ಸರಿದು, ಯಾರೋ ಕೆಳಗೆ ನೋಡಿ, ಪರದೆ ಮತ್ತೆ ಮುಚ್ಚಿತು. ಕಾರಿನಲ್ಲಿದ್ದ ನಾವು ಮೂವರೂ ಅದನ್ನು ನೋಡಿದೆವು. ದೀಪು ಏನೋ ಹೇಳಲು ಬಾಯಿ ತೆರೆದ, ಅಮ್ಮ ಹಿಂದೆ ತಿರುಗಿ ಅವನ ಮಂಡಿಯನ್ನು ಒತ್ತಿ ಹಿಡಿದಳು. ಅಪ್ಪ ಇನ್ನೂ ಸ್ವಲ್ಪ ಹೊತ್ತು ಬಾಗಿಲನ್ನೇ ನೋಡುತ್ತ ನಿಂತಿದ್ದು, ನಿಧಾನಕ್ಕೆ ಬಂದು ಕಾರಿನಲ್ಲಿ ಕೂತರು. ಸ್ಟೀರಿಂಗ್ ಮೇಲೆ ಕೈಯಿಟ್ಟು ಎದುರಿನ ಗೋಡೆ ನೋಡುತ್ತ ಹೇಳಿದರು:

“ಮನೆಯಲ್ಲಿ ಯಾರೂ ಇಲ್ಲ.”

ಅಪ್ಪ ಬೇಕಾದ ಹಾಗೆ ತಿರುಚಿದ ಯಾವ ಮಾತನ್ನೂ ಅಮ್ಮ ಅದುವರೆಗೆ ಸುಮ್ಮನೆ ಹೋಗಲು ಬಿಟ್ಟವಳಲ್ಲ. ಅವಳು ಸೆರಗಿನಿಂದ ಮುಖದ ಬೆವರೊರೆಸಿಕೊಂಡಳು.

“ಹೌದು, ಇರ್ಲಿಕ್ಕಿಲ್ಲ,” ಎಂದಳು. “ಶುಕ್ರವಾರ ಅಲ್ವಾ. ಎಲ್ಲಿಗಾದ್ರೂ ಹೋಗಿರ್ಬಹುದು.”